ಮಹಾರಾಣಿಯ ಮನೆಗೆ ಮಾಲೀಕರೇ ಇಟ್ಟ ಬೆಂಕಿ!

ಸಿನಿಮಾದಲ್ಲಿ ನಾಯಕಿ ಸತ್ತರೆ ಕಣ್ಣೊರೆಸಿಕೊಂಡು ಹೊರಗೆ ಬಂದು ಟೀ ಕುಡೀತೀವಿ. ಆದರೆ ಹದಿನೇಳು ವರ್ಷ, ವಾರಕ್ಕೆ ಹಲವು ದಿನ ನಮ್ಮ ಮನೆಯೊಳಗೇ ಬಂದು ಮಾತಾಡಿದವಳು ಇದ್ದಕ್ಕಿದ್ದಂತೆ ಬೆಂಕಿಯಲ್ಲಿ ಮಾಯವಾದರೆ? 1981ರ ನವೆಂಬರಿನಲ್ಲಿ ಬ್ರಿಟನ್ನಿನ ಟಿ.ವಿ. ಪ್ರೇಕ್ಷಕರಿಗೆ ಆದದ್ದು ಇದೇ. ಆ ತಾರೆಯ ಹೆಸರು ನೋಯೆಲ್ ಗಾರ್ಡನ್!

ಈಕೆ ಹುಟ್ಟಿದ್ದು 1919ರ ಕ್ರಿಸ್‌ಮಸ್ ದಿನ, ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ. ಜಾನ್ ಲೋಗಿ ಬೇರ್ಡ್ ಬಣ್ಣದ ಟಿ.ವಿ. ಪ್ರಯೋಗ ನಡೆಸುತ್ತಿದ್ದಾಗ ಕ್ಯಾಮೆರಾ ಮುಂದೆ ಕೂತ ಸುಂದರಿ ಈಕೆಯೇ. ಸಂಗೀತ ನಾಟಕಗಳಲ್ಲಿ ಹಾಡಿ ಕುಣಿದವಳು, ಆಮೇಲೆ ಎ.ಟಿ.ವಿ. ಕಂಪನಿ ಸೇರಿದಳು. 1958ರಲ್ಲಿ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಅವರನ್ನೇ ಎದುರು ಕೂರಿಸಿಕೊಂಡು ಸಂದರ್ಶನ ಮಾಡಿದ ಗಟ್ಟಿಗಿತ್ತಿ!

ಮೋಟೆಲಿನ ಒಡತಿ

1964ರ ನವೆಂಬರಿನಲ್ಲಿ 'ಕ್ರಾಸ್‌ರೋಡ್ಸ್' ಧಾರಾವಾಹಿ ಶುರುವಾಯಿತು. ಹೆದ್ದಾರಿ ಪಕ್ಕದ ಮೋಟೆಲ್ ನಡೆಸುವ ವಿಧವೆ ಮೆಗ್ ರಿಚರ್ಡ್‌ಸನ್ ಪಾತ್ರ ಈಕೆಯದು. ಅವಸರದ ಚಿತ್ರೀಕರಣ, ಅಲ್ಲಾಡುವ ಸೆಟ್ಟು, ತಡವರಿಸುವ ಸಂಭಾಷಣೆ. ವಿಮರ್ಶಕರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಜನ ಮಾತ್ರ ಬಿಡಲಿಲ್ಲ! 1968ರಲ್ಲಿ ಲಂಡನ್ನಿನಲ್ಲಿ ಪ್ರಸಾರ ನಿಂತಾಗ ಅಂದಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ನರ ಹೆಂಡತಿಯೇ ಬೇಸರ ತೋಡಿಕೊಂಡರು. ಧಾರಾವಾಹಿ ಮತ್ತೆ ಬಂತು. 1975ರಲ್ಲಿ ಮೆಗ್‌ಳ ಮದುವೆ ದೃಶ್ಯ ತೆಗೆದಾಗ ಬರ್ಮಿಂಗ್‌ಹ್ಯಾಮ್ ಕ್ಯಾಥೆಡ್ರಲ್ ಮುಂದೆ ಜನವೋ ಜನ. ನಿಜಜೀವನದಲ್ಲಿ ನೋಯೆಲ್ ಮದುವೆಯಾಗಲೇ ಇಲ್ಲ ನೋಡಿ!

ಒಂದೇ ಏಟು

ಧಾರಾವಾಹಿ ಅಂದರೆ ಈಕೆ, ಈಕೆ ಅಂದರೆ ಧಾರಾವಾಹಿ ಅಂತ ಇಡೀ ದೇಶ ನಂಬಿತ್ತು. ಬಹುಶಃ ಆಕೆಯೂ ನಂಬಿದ್ದಳು. ಆದರೆ 1981ರಲ್ಲಿ ಕಂಪನಿ ಒಂದೇ ಮಾತಿನಲ್ಲಿ ಆಕೆಯನ್ನು ಕೆಲಸದಿಂದ ತೆಗೆದುಹಾಕಿತು. ಆಗ ವಯಸ್ಸು ಅರವತ್ತೊಂದು. ಪತ್ರಗಳ ಮಳೆ ಸುರಿಯಿತು, ಫೋನುಗಳು ಬಾಯಿ ಬಡಿದುಕೊಂಡವು. ಮಾಲೀಕರು ಜಗ್ಗಲಿಲ್ಲ!

ನವೆಂಬರಿನಲ್ಲಿ ಕಥೆಯ ಮೋಟೆಲ್ ಹೊತ್ತಿ ಉರಿಯಿತು. ಮೆಗ್ ಸತ್ತಳೇ? ಕೆಲವು ದಿನ ಜನರ ಉಸಿರು ಬಿಗಿಹಿಡಿಸಿ, ಕೊನೆಗೆ ಆಕೆ 'ಕ್ವೀನ್ ಎಲಿಜಬೆತ್ 2' ಹಡಗಿನಲ್ಲಿ ಮಗಳಿಗೆ ವಿದಾಯ ಹೇಳಿ ನ್ಯೂಯಾರ್ಕಿಗೆ ಹೊರಟಂತೆ ತೋರಿಸಿದರು. ಓಡಿಸಬಲ್ಲವರಿಗೂ ಕೊಲ್ಲುವ ಧೈರ್ಯ ಬರಲಿಲ್ಲ ಅಂತ ನನ್ನ ಲೆಕ್ಕ!

ಮತ್ತೆ ರಂಗಕ್ಕೆ

ಅಳುತ್ತಾ ಕೂರುವ ಜಾಯಮಾನ ನೋಯೆಲ್‌ಳದಲ್ಲ. ಲೆಸ್ಟರ್‌ನಲ್ಲಿ 'ಜಿಪ್ಸಿ', 1983ರಲ್ಲಿ ಲಂಡನ್ನಿನಲ್ಲಿ 'ಕಾಲ್ ಮಿ ಮೇಡಂ' ನಾಟಕಗಳಲ್ಲಿ ಹಾಡಿದಳು. ಅದೇ ವರ್ಷ ಧಾರಾವಾಹಿಯವರು ವೆನಿಸ್‌ನಲ್ಲಿ ತೆಗೆದ ಕಂತುಗಳಿಗೆ ಆಕೆಯನ್ನೇ ಕರೆದರು. 1985ರಲ್ಲಿ ಮತ್ತೆ ಮರಳಬೇಕಿತ್ತು. ಕ್ಯಾನ್ಸರ್ ಬಿಡಲಿಲ್ಲ. ಏಪ್ರಿಲ್ 14ರಂದು, 65ನೇ ವಯಸ್ಸಿನಲ್ಲಿ ಕಣ್ಮುಚ್ಚಿದಳು.

ಕಾಂಟ್ರಾಕ್ಟಿನ ಪ್ರಕಾರ ಪಾತ್ರ ಕಂಪನಿಯದು, ಸರಿ. ಆದರೆ ಆ ಪಾತ್ರಕ್ಕೆ ಮುಖ ಕೊಟ್ಟವಳದು ಏನೂ ಇಲ್ಲವೇ? ಆಕೆಯಿಲ್ಲದ 'ಕ್ರಾಸ್‌ರೋಡ್ಸ್' 1988ರಲ್ಲಿ ಬಾಗಿಲು ಹಾಕಿತು. 2023ರಲ್ಲಿ ಆಕೆಯ ಮುದ್ದಿನ ಹೆಸರಿನಲ್ಲೇ 'ನಾಲಿ' ಎಂಬ ಟಿ.ವಿ. ಸರಣಿ ಬಂತು. ನೋಯೆಲ್ ಪಾತ್ರ ಮಾಡಿದ್ದು ಹೆಲೆನಾ ಬಾನ್‌ಹ್ಯಾಮ್ ಕಾರ್ಟರ್. ಕಥೆ ಯಾವುದು ಗೊತ್ತೇ? ಅದೇ, ಕೆಲಸದಿಂದ ತೆಗೆದ ಕಥೆ!