ಮಧ್ಯಂತರದ ತೀರ್ಪು

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿಯನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ತರಗತಿಯಲ್ಲಿ ಹೇಳಿದ್ದೇನೆ. ಅಚ್ಚುಮೊಳೆಯೇ ಇಲ್ಲದಿದ್ದ ಆ ಕಾಲದಲ್ಲಿ ಒಂದು ಕಾವ್ಯ ಉಳಿಯಬೇಕಾದರೆ ಅದನ್ನು ರಚಿಸಿದವನಷ್ಟೇ ಅದು ಬೇಕೆಂದವರೂ ಮುಖ್ಯರಾಗಿದ್ದರು. ಇಂದು ನಾನು ಮಾತನಾಡಬೇಕಾಗಿರುವುದು ಸಾಮಾಜಿಕ ಜಾಲತಾಣಗಳು ಚಲನಚಿತ್ರಗಳ ಮೇಲೂ ಕಿರುತೆರೆಯ ಧಾರಾವಾಹಿಗಳ ಮೇಲೂ ಬೀರುತ್ತಿರುವ ಪ್ರಭಾವವನ್ನು ಕುರಿತು. ಹಳಗನ್ನಡದ ಮೇಷ್ಟರಿಗೇಕೆ ಈ ಉಸಾಬರಿ ಎಂದು ಕೇಳುಗರು ನಕ್ಕರೆ ತಪ್ಪೇನಿಲ್ಲ. ಆದರೆ ಈ ವಿಷಯವನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸಿಗೆ ಮೊದಲು ಬರುವವಳು ಅತ್ತಿಮಬ್ಬೆಯೇ.

ಕವಿಗೆ ಅರಸನ ಆಶ್ರಯವಿದ್ದ ಕಾಲವೊಂದಿತ್ತು. ಅರಸರು ಹೋದ ಮೇಲೆ ಆ ಹೊಣೆ ಓದುಗರ ಪಾಲಿಗೆ ಬಂತು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ನಡೆದುಬಂದದ್ದು ಚಂದಾದಾರರ ಬಲದಿಂದ. ಇನ್ನೂ ಕಣ್ಣಿಗೆ ಕಾಣದ ಪುಸ್ತಕಕ್ಕೆ ಮೊದಲೇ ಹಣ ತೆತ್ತು ಕಾಯುವ ಜನ ನಮ್ಮಲ್ಲಿದ್ದರು. ಚಲನಚಿತ್ರದಲ್ಲಿ ಮಾತ್ರ ಈ ಬಗೆಯ ನಂಟು ಅಪರೂಪ. 1976ರ ‘ಮಂಥನ’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರೆಂಬುದು ಪ್ರಸಿದ್ಧವಾದ ಮಾತು. ಆದರೆ ಅಲ್ಲಿ ಜನರನ್ನು ಒಟ್ಟುಗೂಡಿಸಲು ಸಹಕಾರ ಸಂಘಗಳಿದ್ದವು. ಸಂಘವಿಲ್ಲದ, ಚದುರಿಹೋದ ಪ್ರೇಕ್ಷಕರನ್ನು ಕೂಡಿಸುವವರು ಯಾರು?

ಈ ಪ್ರಶ್ನೆಗೆ ಕನ್ನಡದಲ್ಲಿ ದೊರೆತ ಉತ್ತರ ಪವನ್ ಕುಮಾರ್ ಅವರ ‘ಲೂಸಿಯಾ’. ಹಣ ಹೂಡುವ ನಿರ್ಮಾಪಕರು ದೊರೆಯದಾಗ ಅವರು ತಮ್ಮ ಕಷ್ಟವನ್ನು ಅಂತರ್ಜಾಲದಲ್ಲಿ ಬರೆದುಕೊಂಡರು. ಅದನ್ನು ಓದಿದವರು ಇತರರೊಡನೆ ಹಂಚಿಕೊಂಡರು. ಇಪ್ಪತ್ತೇಳು ದಿನಗಳಲ್ಲಿ 110 ಮಂದಿಯಿಂದ 51 ಲಕ್ಷ ರೂಪಾಯಿ ಕೂಡಿತು. 2013ರಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಅದು ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆದು, ಅದೇ ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಕಥಾನಾಯಕ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಜನರಿಗೆ ಕುರ್ಚಿ ತೋರಿಸುವ ಹುಡುಗ! ಕತ್ತಲೆಯಲ್ಲಿ ಕುಳಿತವರೇ ಸೇರಿ ಮಾಡಿಸಿದ ಚಿತ್ರಕ್ಕೆ ಇದಕ್ಕಿಂತ ತಕ್ಕ ನಾಯಕನುಂಟೆ?

ಎರಡು ವರ್ಷಗಳ ನಂತರ ಅನೂಪ್ ಭಂಡಾರಿಯವರ ‘ರಂಗಿತರಂಗ’ ಬಂತು. ಅದು ತೆರೆ ಕಂಡದ್ದು 2015ರ ಜುಲೈ 3ರಂದು. ಮರುವಾರವೇ ‘ಬಾಹುಬಲಿ’, ಅದರ ಮರುವಾರ ಇನ್ನೊಂದು ದೊಡ್ಡ ಹಿಂದಿ ಚಿತ್ರ. ಹೊಸಬರ ಕನ್ನಡ ಚಿತ್ರಕ್ಕೆ ಮಲ್ಟಿಪ್ಲೆಕ್ಸುಗಳಲ್ಲಿ ಜಾಗ ಕಿರಿದಾಯಿತು. ಆಗ ಪ್ರೇಕ್ಷಕರು ಜಾಲತಾಣಗಳಲ್ಲಿ ದನಿಯೆತ್ತಿದರು, ನೋಡದವರನ್ನು ನೋಡುವಂತೆ ಮಾಡಿದರು. ಚಿತ್ರ ನಿಂತಿತು, ಅಮೆರಿಕದಲ್ಲಿರುವ ಕನ್ನಡಿಗರವರೆಗೂ ಹೋಯಿತು. ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆದು ಎರಡು ವಾರ ಕಾಯುತ್ತಿದ್ದ ನಮ್ಮ ತಲೆಮಾರಿಗೆ ಇದು ಅಚ್ಚರಿಯ ಸಂಗತಿಯೇ ಸರಿ.

ಇಷ್ಟು ಹೇಳಿ ನಿಲ್ಲಿಸಿದರೆ ಭಾಷಣ ಬಲು ಸೊಗಸಾಗಿರುತ್ತಿತ್ತು. ಆದರೆ ಕೂಡಿಸುವ ಕೈಗೆ ಚದುರಿಸುವ ಬಲವೂ ಇರುತ್ತದೆ.

ನಾನು ಹುಡುಗನಾಗಿದ್ದಾಗ, 1972ರಲ್ಲಿ, ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಆರಂಭವಾಗಿ ಎರಡು ವರ್ಷ ಓಡಿತು. ಚಿತ್ರದ ಸುದ್ದಿ ಬಸ್ಸಿನಲ್ಲಿ, ಸಂತೆಯಲ್ಲಿ, ಬೀಗರ ಮನೆಯ ಜಗಲಿಯಲ್ಲಿ ನಡೆದುಕೊಂಡು ನಮ್ಮೂರಿಗೆ ಬರುತ್ತಿತ್ತು. ಬರುವಷ್ಟರಲ್ಲಿ ಚಿತ್ರಕ್ಕೆ ಉಸಿರಾಡಲು ಕಾಲಾವಕಾಶ ದೊರೆಯುತ್ತಿತ್ತು. ಈಗ ಶುಕ್ರವಾರ ಬೆಳಗಿನ ಪ್ರದರ್ಶನದ ಮಧ್ಯಂತರಕ್ಕೇ ತೀರ್ಪು ಹೊರಬೀಳುತ್ತದೆ. ಶನಿವಾರ, ಭಾನುವಾರ ಜನ ಬಾರದಿದ್ದರೆ ಸೋಮವಾರಕ್ಕೆ ಪ್ರದರ್ಶನಗಳು ಇಳಿಯುತ್ತವೆ. ಮುಂದಿನ ಶುಕ್ರವಾರ ಆ ಜಾಗದಲ್ಲಿ ಬೇರೊಂದು ಚಿತ್ರ. ಹೀಗಾಗಿ ಮೊದಲ ದಿನದ ನಾಲ್ಕು ಸಾಲಿಗೆ ಹಿಂದೆಂದೂ ಇಲ್ಲದ ತೂಕ ಬಂದಿದೆ. ಆ ಸಾಲುಗಳು ಹಣ ಪಡೆದು ಬರೆದವೋ, ದ್ವೇಷದಿಂದ ಬರೆದವೋ ಎಂಬ ಜಗಳವೂ ಉಂಟು. ಅದು ಸಣ್ಣ ವಿಷಯವಲ್ಲ, ಆದರೆ ನನ್ನ ಚಿಂತೆ ಪ್ರಾಮಾಣಿಕವಾಗಿ ಬರೆದವರದು.

ಚಿತ್ರ ಮುಗಿಯುವ ಮೊದಲೇ ಬರುವ ತೀರ್ಪೂ ಇದೆ. 2019ರಲ್ಲಿ ಅಮೆರಿಕದಲ್ಲಿ ‘ಸಾನಿಕ್’ ಎಂಬ ಮಕ್ಕಳ ಚಿತ್ರದ ಮುನ್ನೋಟ ಹೊರಬಂದಾಗ ಅದರ ನೀಲಿ ಪ್ರಾಣಿಯ ಹಲ್ಲುಗಳನ್ನು ಕಂಡು ಲೋಕವೇ ನಕ್ಕಿತು. ನಿರ್ಮಾಪಕರು ಪ್ರಾಣಿಯ ರೂಪವನ್ನೇ ಬದಲಿಸಿ, ನವೆಂಬರಿನ ಬಿಡುಗಡೆಯನ್ನು ಮುಂದಿನ ಫೆಬ್ರವರಿಗೆ ಮುಂದೂಡಿದರು. ಚಿತ್ರ ಗೆದ್ದಿತು. ಹಲ್ಲು ಬದಲಾದದ್ದಕ್ಕೆ ನನ್ನ ತಕರಾರಿಲ್ಲ. ಕಥೆಯ ಕೊನೆಯನ್ನೂ ಹೀಗೆಯೇ ಬದಲಿಸೆಂದರೆ ಏನು ಗತಿ ಎಂಬುದಷ್ಟೇ ಪ್ರಶ್ನೆ.

ಧಾರಾವಾಹಿಯ ಲೋಕದಲ್ಲಿ ಇದು ಆಗಲೇ ನಡೆಯುತ್ತಿದೆ. ಸಂಭಾಷಣೆ ಬರೆಯುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ ಮಾತಿದು: “ಸಾರ್, ಪ್ರತಿದಿನದ ಕಂತಿನಲ್ಲೂ ಮೊಬೈಲಿಗೆ ಕತ್ತರಿಸಿ ಹಾಕಬಹುದಾದ ಒಂದು ನಿಮಿಷ ಇರಲೇಬೇಕು. ಮೊದಲು ಆ ನಿಮಿಷ ಬರೆಯುತ್ತೇನೆ, ಆಮೇಲೆ ಮಿಕ್ಕಿದ್ದು.” ಆ ನಿಮಿಷದಲ್ಲಿ ಕಪಾಳಮೋಕ್ಷವಾಗಬೇಕು, ಇಲ್ಲವೆ ಗುಟ್ಟು ಬಯಲಾಗಬೇಕು. ಮೌನವನ್ನು ಕತ್ತರಿಸಿ ಹಾಕಲು ಬರುವುದಿಲ್ಲವಷ್ಟೆ. ಅತ್ತೆಯ ಪಾತ್ರ ಮಾಡುವ ಆ ಪಾಪದ ಹೆಂಗಸಿಗೆ ಜನ ಅವಳ ಸ್ವಂತ ಪುಟದಲ್ಲಿಯೇ ಶಾಪ ಹಾಕುತ್ತಾರಂತೆ.

ನಮ್ಮ ಆಲಂಕಾರಿಕರು ಸಹೃದಯನೆಂದು ಕರೆದದ್ದು ಕಾವ್ಯದ ಅಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾದವನನ್ನು. ಅಭ್ಯಾಸಕ್ಕೆ ಕಾಲ ಬೇಕು. ಇದನ್ನೂ ನಾನು ಮೂವತ್ತು ವರ್ಷ ಪಾಠ ಹೇಳಿದೆ. ಹೇಳಿದವನು ಮಾಡಿದ್ದೇನು ಎಂಬುದನ್ನು ಮುಚ್ಚಿಡಲಾರೆ.

ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬ ಸಾಲ ಮಾಡಿ ಸಣ್ಣ ಚಿತ್ರವೊಂದನ್ನು ತೆಗೆದ. ಮೊದಲ ದಿನವೇ ಹೋದೆ. ಮೊದಲರ್ಧ ನಿಧಾನವೆನಿಸಿತು, ಮಂಡಿನೋವೂ ಇತ್ತು, ಮಧ್ಯಂತರದಲ್ಲಿ ಎದ್ದುಬಂದೆ. ಆಟೋದಲ್ಲಿ ಕುಳಿತು ನಿವೃತ್ತ ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ‘ನಿದ್ರೆ ಬಾರದವರು ಅವಶ್ಯ ನೋಡಬೇಕಾದ ಚಿತ್ರ’ ಎಂದು ಒಂದು ಸಾಲು ಹಾಕಿದೆ. ಗೆಳೆಯರು ನಕ್ಕರು, ನನಗೂ ಹಿತವೆನಿಸಿತು. ಸಂಜೆಯ ಹೊತ್ತಿಗೆ ಆ ಸಾಲು, ‘ಅವನ ಗುರುಗಳೇ ಹೇಳಿದ್ದಾರೆ’ ಎಂಬ ಒಕ್ಕಣೆಯೊಡನೆ, ನನ್ನ ಸೊಸೆಯ ಕಚೇರಿಯ ಗುಂಪಿನಿಂದ ನನಗೇ ಮರಳಿ ಬಂತು. ಚಿತ್ರ ಒಂದು ವಾರಕ್ಕೆ ಹೋಯಿತು. ನನ್ನ ಸಾಲಿನಿಂದಲೇ ಹೋಯಿತೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಹತ್ತು ತಿಂಗಳ ಮೇಲೆ ಅದನ್ನು ಮನೆಯಲ್ಲಿ ಪೂರ್ತಿ ನೋಡಿದೆ. ಮೊದಲರ್ಧದಲ್ಲಿ ಮುದುಕನೊಬ್ಬ ಸುಮ್ಮನೆ ಬಾಗಿಲು ನೋಡುತ್ತ ಕೂರುತ್ತಾನೆ. ಯಾರಿಗಾಗಿ ಎಂಬುದು ದ್ವಿತೀಯಾರ್ಧದಲ್ಲಿ ತಿಳಿಯುತ್ತದೆ. ತಿಳಿದ ಮೇಲೆ ಹಿಂದಿನ ಒಂದು ಕ್ಷಣವೂ ನಿಧಾನವೆನಿಸುವುದಿಲ್ಲ. ಅದೇ ಗುಂಪಿಗೆ ಎರಡು ಪುಟ ಬರೆದೆ. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಯಾರೂ ಮುಂದಕ್ಕೆ ಕಳಿಸಲಿಲ್ಲ.

ಅದು ಹೇಗೋ ಅವನಿಗೆ ತಲಪಿ ದೂರವಾಣಿ ಮಾಡಿದ. “ಓದಿದೆ ಸಾರ್,” ಎಂದ. ಸ್ವಲ್ಪ ತಡೆದು, “ಮೊದಲಿನದನ್ನೂ ಓದಿದ್ದೆ,” ಎಂದ. ಹೊಸ ಚಿತ್ರಕಥೆಯೊಂದು ಸಿದ್ಧವಾಗಿದೆ, ಕಳಿಸಲೇ ಎಂದು ಕೇಳಿದ. ಕಾಗದದ ಮೇಲೆ ಅಚ್ಚುಮಾಡಿಸಿ ಕಳಿಸಪ್ಪ ಎಂದೆ. ತೊಂಬತ್ತು ಚಿಲ್ಲರೆ ಪುಟಗಳ ಆ ಕಟ್ಟು ಈಗ ನನ್ನ ಮೇಜಿನ ಮೇಲಿದೆ. ನಲವತ್ತನೆಯ ಪುಟಕ್ಕೆ ಬಂದಿದ್ದೇನೆ. ಇನ್ನೂ ಯಾರಿಗೂ ಏನೂ ಹೇಳಿಲ್ಲ.