ಒಂದು ಗೇಣಿಗೆ ಹದಿನಾಲ್ಕು ವರ್ಷ

ಭರ್ಜಿ ಎಂದರೆ ಮೈಸೂರಿಗರ ಕಣ್ಣ ಮುಂದೆ ಬರುವುದು ಜಂಬೂಸವಾರಿಯ ಅಶ್ವದಳ. ಕ್ರೀಡಾಂಗಣದ ಭರ್ಜಿಯ ಬಗೆಯೇ ಬೇರೆ. ಮಹಿಳೆಯರು ಎಸೆಯುವ ಜಾವೆಲಿನ್‌ನ ಉದ್ದ 2.20ರಿಂದ 2.30 ಮೀಟರ್, ತೂಕ 600 ಗ್ರಾಂ ಅಷ್ಟೆ. ಎತ್ತುವುದು ಕಷ್ಟವಲ್ಲ, ದೂರ ಕಳಿಸುವುದು ಕಷ್ಟ. ಓಡಿ ಬಂದ ವೇಗವನ್ನು ಕೊನೆಯ ಹೆಜ್ಜೆಯಲ್ಲಿ ತಟ್ಟನೆ ತಡೆದು, ಸೊಂಟದಿಂದ ಭುಜಕ್ಕೆ, ಭುಜದಿಂದ ಬೆರಳಿಗೆ ದಾಟಿಸಬೇಕು. ಕೋನ ಕೊಂಚ ತಪ್ಪಿದರೂ ಮೀಟರುಗಟ್ಟಲೆ ನಷ್ಟ.

ಹಳೆಯ ಮಾದರಿಯ ಜಾವೆಲಿನ್ ಗಾಳಿಯಲ್ಲಿ ತೇಲಿ, ಮಟ್ಟಸವಾಗಿ ನೆಲಕ್ಕೆ ಬೀಳುತ್ತಿತ್ತು. ಮೂತಿ ಮೊದಲು ತಾಗಿತೋ ಇಲ್ಲವೋ ಎಂಬ ತಕರಾರು ತಪ್ಪುತ್ತಿರಲಿಲ್ಲ. ಹೀಗಾಗಿ 1999ರಲ್ಲಿ ಮಹಿಳೆಯರ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು ಮುಂದಕ್ಕೆ ಸರಿಸಲಾಯಿತು. ಮೂತಿ ಬೇಗ ಬಾಗತೊಡಗಿತು, ದೂರ ತಗ್ಗಿತು, ದಾಖಲೆ ಪುಸ್ತಕ ಹೊಸದಾಗಿ ಆರಂಭವಾಯಿತು. 1988ರಲ್ಲಿ ಪೂರ್ವ ಜರ್ಮನಿಯ ಪೆಟ್ರಾ ಫೆಲ್ಕೆ 80 ಮೀಟರ್ ಎಸೆದಿದ್ದರು. ಹೊಸ ಮಾದರಿಯಲ್ಲಿ 2008ರ ವಿಶ್ವದಾಖಲೆ 72.28 ಮೀಟರ್.

ಭಾರತದ ಹೊಸ ಪುಟಕ್ಕೆ ಗಟ್ಟಿ ಅಂಕಿ ಬಿದ್ದದ್ದು ನಮ್ಮ ರಾಜ್ಯದಲ್ಲಿಯೇ. 2000ದ ಜುಲೈನಲ್ಲಿ ಬೆಂಗಳೂರಿನಲ್ಲಿ ಗುರ್ಮೀತ್ ಕೌರ್ 58.64 ಮೀಟರ್ ಎಸೆದು, ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್‌ಗೂ ಹೋದರು. ಆ ಗುರುತನ್ನು ಸುಮಾರು 14 ವರ್ಷ ಯಾರೂ ದಾಟಲಿಲ್ಲ. 2014ರಲ್ಲಿ ಲಖನೌದಲ್ಲಿ ಅನ್ನು ರಾಣಿ 58.83 ಮೀಟರ್ ಎಸೆದರು. ಹೆಚ್ಚಿದ್ದು 19 ಸೆಂಟಿಮೀಟರ್. ಒಂದು ಗೇಣೂ ಇಲ್ಲ!

ಅನ್ನು ಮೀರತ್ ಬಳಿಯ ಬಹಾದುರ್‌ಪುರದ ರೈತನ ಮಗಳು. ಅವರ ಮೊದಲ ಭರ್ಜಿ ಹೊಲದ ಕಬ್ಬಿನ ಜಲ್ಲೆ. ಮಗಳು ಆಟಕ್ಕೆ ಇಳಿಯುವುದು ಅಪ್ಪನಿಗೆ ಹಿಡಿಸಿರಲಿಲ್ಲ. ತೋಳಿನ ಬಲ ಗುರುತಿಸಿ ಬೆನ್ನಿಗೆ ನಿಂತವರು ಅಣ್ಣ ಉಪೇಂದ್ರ. ಆರಂಭದ ವರ್ಷಗಳಲ್ಲಿ ಅವರ ಎಸೆತವನ್ನು ತಿದ್ದಿದ ತರಬೇತುದಾರರು ಶಿರಸಿ ಕಡೆಯ ಕಾಶಿನಾಥ ನಾಯ್ಕ. ಸ್ವತಃ ನಾಯ್ಕರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದವರು. ಅವರ ಹೆಸರು ನಮ್ಮಲ್ಲಿ ಇನ್ನಷ್ಟು ಕೇಳಬೇಕಿತ್ತು.

ಅಲ್ಲಿಂದ ಮುಂದೆ ದಾಖಲೆ ಮುರಿಯುವುದು ಅನ್ನು ಒಬ್ಬರದೇ ಕೆಲಸವಾಯಿತು. 2016ರಲ್ಲಿ 60 ಮೀಟರ್ ದಾಟಿದರು. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫೈನಲ್ ತಲುಪಿ ಎಂಟನೆಯವರಾದರು. ಈ ಸ್ಪರ್ಧೆಯಲ್ಲಿ ಅಲ್ಲಿಯವರೆಗೆ ಭಾರತದ ಯಾವ ಮಹಿಳೆಯೂ ಫೈನಲ್ ಮುಟ್ಟಿರಲಿಲ್ಲ. 2022ರಲ್ಲಿ ಜಮ್‌ಶೆಡ್‌ಪುರದಲ್ಲಿ 63.82 ಮೀಟರ್, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು. 2023 ಮಾತ್ರ ಕೈಕೊಟ್ಟ ವರ್ಷ. ಆಟ ಬಿಡುವ ಯೋಚನೆಯೂ ಬಂದಿತ್ತೆಂದು ಬಳಿಕ ಅವರೇ ಹೇಳಿಕೊಂಡರು. ಆ ವರ್ಷದ ಅಕ್ಟೋಬರ್ 3ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕನೇ ಎಸೆತ 62.92 ಮೀಟರ್ ಹೋಯಿತು. ಮಹಿಳೆಯರ ಜಾವೆಲಿನ್‌ನಲ್ಲಿ ಭಾರತಕ್ಕೆ ಏಷ್ಯಾಡ್‌ನ ಮೊದಲ ಚಿನ್ನ.

ಒಲಿಂಪಿಕ್ಸ್ ಮಾತ್ರ ಒಲಿಯಲಿಲ್ಲ. 2021ರಲ್ಲಿ ಟೋಕಿಯೊದಲ್ಲಿ 54.04 ಮೀಟರ್, 2024ರಲ್ಲಿ ಪ್ಯಾರಿಸ್‌ನಲ್ಲಿ 55.81 ಮೀಟರ್, ಎರಡೂ ಸಲ ಅರ್ಹತಾ ಸುತ್ತಿನಲ್ಲೇ ಹೊರಬಿದ್ದರು. ಗುರ್ಮೀತ್ ಬೆಂಗಳೂರಿನಲ್ಲಿ ಹಾಕಿದ್ದ ಗುರುತನ್ನು ಆ ಎರಡು ದಿನ ಅವರಿಗೂ ಮುಟ್ಟಲಾಗಲಿಲ್ಲ.