ಮಾತಿನ ಶಾಲೆ ಬೇಡವೆಂದ ಮಾತುಗಾರ

ಕ್ರಿ.ಪೂ. 92ರಲ್ಲಿ ರೋಮಿನ ಇಬ್ಬರು ಸೆನ್ಸರ್‌ಗಳು, ಅಂದರೆ ನಾಗರಿಕರ ನಡತೆಯ ಮೇಲೆ ಕಣ್ಣಿಡುವ ಅಧಿಕಾರಿಗಳು, ಒಂದು ಪ್ರಕಟಣೆ ಹೊರಡಿಸಿದರು. ಲ್ಯಾಟಿನ್‌ನಲ್ಲಿ ಭಾಷಣಕಲೆ ಹೇಳಿಕೊಡುವ ಹೊಸ ಶಾಲೆಗಳು ಹುಟ್ಟಿಕೊಂಡಿವೆ, ಹುಡುಗರು ಹಗಲೆಲ್ಲ ಅಲ್ಲಿ ಕೂತು ಕಾಲ ಕಳೆಯುತ್ತಿದ್ದಾರೆ, ಹಿರಿಯರ ಪದ್ಧತಿ ಇದಲ್ಲ, ನಮಗಿದು ಒಪ್ಪಿಗೆಯಿಲ್ಲ ಎಂಬುದು ಅದರ ಸಾರ. ಆ ಇಬ್ಬರಲ್ಲಿ ಒಬ್ಬ ಲೂಸಿಯಸ್ ಲಿಸಿನಿಯಸ್ ಕ್ರಾಸಸ್, ಅಂದಿನ ರೋಮಿನ ಬಹುದೊಡ್ಡ ವಾಗ್ಮಿ. ಮಾತಿನಿಂದಲೇ ಮೇಲೇರಿದವನು ಮಾತಿನ ಶಾಲೆಗೆ ಅಡ್ಡ ನಿಂತದ್ದೇಕೆ?

ಅವನು ಕಂಡ ಪದ್ಧತಿಯೇ ಬೇರೆ. ಪ್ರಾಯಕ್ಕೆ ಬಂದ ಮಗನನ್ನು ತಂದೆ ಹಿರಿಯ ವಾಗ್ಮಿಯೊಬ್ಬನ ಬಳಿ ಬಿಡುತ್ತಿದ್ದ. ಹುಡುಗ ಅವನ ಹಿಂದೆ ಫೋರಂ ಎಂಬ ಊರ ಚೌಕಕ್ಕೆ, ನ್ಯಾಯಾಲಯಕ್ಕೆ ಅಲೆದು, ಜನ ಎಲ್ಲಿ ಕೆರಳುತ್ತಾರೆ, ಎಲ್ಲಿ ಕರಗುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಕಲಿಯುತ್ತಿದ್ದ. ಕ್ರಾಸಸ್ ಇಪ್ಪತ್ತರ ಆಸುಪಾಸಿನಲ್ಲೇ ಮಾಜಿ ಕಾನ್ಸಲ್ ಕಾರ್ಬೊ ಮೇಲೆ ಆರೋಪ ಹೊರಿಸಿ ಗೆದ್ದಿದ್ದ.

ಹೊಸ ಶಾಲೆಯ ಪ್ಲೋಷಿಯಸ್ ಗಾಲಸ್‌ನ ಬಳಿ ಹುಡುಗರು ಮುಗಿಬಿದ್ದಿದ್ದರು. ನಂತರ ರೋಮಿನ ಮಹಾವಾಗ್ಮಿಯಾದ ಸಿಸೆರೊ ಆಗಿನ್ನೂ ಬಾಲಕ; ಅವನಿಗೂ ಹೋಗುವಾಸೆ. ಗ್ರೀಕ್ ಅಭ್ಯಾಸವೇ ಮೇಲೆಂದು ಹಿರಿಯರು ತಡೆದರು. ಮುಂದೆ ಕ್ರಿ.ಪೂ. 55ರಲ್ಲಿ ಬರೆದ ‘ದೆ ಒರಾಟೊರೆ’ ಸಂವಾದದಲ್ಲಿ ಸಿಸೆರೊ ಕ್ರಾಸಸ್‌ನ ಬಾಯಿಂದಲೇ ಸಮರ್ಥನೆ ಹೇಳಿಸುತ್ತಾನೆ: ಆ ಮೇಷ್ಟ್ರುಗಳು ಕಲಿಸುತ್ತಿದ್ದುದು ಬರೀ ಉದ್ಧಟತನವನ್ನು. ಕಾನೂನು, ಇತಿಹಾಸ, ತತ್ವಶಾಸ್ತ್ರ ತಿಳಿಯದವನ ಮಾತು ಪೊಳ್ಳು ಎಂಬುದು ಆ ಕೃತಿಯ ಹಟ. ಗ್ರೀಕ್ ಕಲಿಸುವಷ್ಟು ಹಣವಿದ್ದ ಮನೆತನಗಳಿಗೆ ತಮ್ಮ ಹಿಡಿತ ಸಡಿಲವಾದೀತೆಂಬ ಭಯವಿತ್ತು ಎನ್ನುವ ಇತಿಹಾಸಕಾರರೂ ಇದ್ದಾರೆ. ನನಗೆ ಎರಡೂ ನಿಜವೆನಿಸುತ್ತದೆ.

ಸೆನ್ಸರ್‌ಗಳ ಪ್ರಕಟಣೆ ಫಲಿಸಲಿಲ್ಲ. ಸಾಮ್ರಾಟರ ಕಾಲಕ್ಕೆ ಶಾಲೆಯೇ ಸರ್ವಸ್ವವಾಯಿತು. ಕಡಲ್ಗಳ್ಳರು, ಸರ್ವಾಧಿಕಾರಿಯನ್ನು ಕೊಂದವರು, ಇಂಥ ಕಲ್ಪಿತ ಮೊಕದ್ದಮೆಗಳ ಮೇಲೆ ಹುಡುಗರು ವಾದಿಸಿದರು. ಬಯಲಿನಲ್ಲಿ ಪಳಗಬೇಕಾದ ವಿದ್ಯೆ ಹೀಗೆ ಕೋಣೆ ಸೇರಿದ್ದು ಬಹುದೊಡ್ಡ ನಷ್ಟ. ಶಾಲಾ ಭಾಷಣಗಳಿಗೆ ಹೆಸರಾದ ಪೋರ್ಷಿಯಸ್ ಲಾಟ್ರೊ ಒಮ್ಮೆ ಬಯಲು ನ್ಯಾಯಾಲಯದಲ್ಲಿ ನಿಜವಾದ ಮೊಕದ್ದಮೆ ವಾದಿಸಬೇಕಾಗಿ ಬಂದಾಗ, ಕಲಾಪವನ್ನು ಸೂರಿರುವ ಸಭಾಂಗಣಕ್ಕೆ ಸಾಗಿಸಿ ಎಂದು ಬೇಡಿಕೊಂಡ. ತೆರೆದ ಆಕಾಶ ಅವನಿಗೆ ಅಷ್ಟು ಹೊಸದು.

ಈ ಪ್ರಸಂಗ ಹೇಳಿದವರಲ್ಲಿ ಕ್ವಿಂಟಿಲಿಯನ್ ಒಬ್ಬ. ಸ್ಪೇನ್ ಮೂಲದ ಈ ಮೇಷ್ಟ್ರಿಗೆ ರೋಮಿನ ಖಜಾನೆಯಿಂದಲೇ ಸಂಬಳ. ಭಾಷಣಕಲೆಯ ಶಿಕ್ಷಕರಿಗೆ ವರ್ಷಕ್ಕೆ 1,00,000 ಸೆಸ್ಟರ್ಸ್ ಗೊತ್ತುಮಾಡಿದವನು ಸಾಮ್ರಾಟ ವೆಸ್ಪೇಸಿಯನ್. ಸುಮಾರು ಕ್ರಿ.ಶ. 95ರಲ್ಲಿ ಮುಗಿಸಿದ 12 ಸಂಪುಟಗಳಲ್ಲಿ ಕ್ವಿಂಟಿಲಿಯನ್ ವಾಗ್ಮಿಯ ಶಿಕ್ಷಣವನ್ನು ತೊಟ್ಟಿಲಿನಿಂದ ಶುರುಮಾಡುತ್ತಾನೆ: ದಾದಿಯ ನುಡಿ ಶುದ್ಧವಿರಲಿ, ಮಗು ದಂತದ ಅಕ್ಷರಗಳೊಂದಿಗೆ ಆಡಲಿ, ಹೊಡೆತ ಬೇಡ, ಒಳ್ಳೆಯವನಲ್ಲದವನು ವಾಗ್ಮಿಯಾಗಲಾರ. ಲಾಟ್ರೊನ ಪ್ರಸಂಗ ಹತ್ತನೆಯ ಸಂಪುಟದಲ್ಲಿದೆ. ಅದರ ಬೆನ್ನಿಗೇ ಕ್ವಿಂಟಿಲಿಯನ್ ತರುಣರಿಗೆ ಹೇಳುವುದು ಹಿರಿಯರ ಹಳೆಯ ಪದ್ಧತಿಯನ್ನೇ: ಒಬ್ಬ ವಾಗ್ಮಿಯನ್ನು ಆರಿಸಿಕೊಂಡು ಅವನ ಹಿಂದೆ ನಡೆಯಿರಿ, ಆದಷ್ಟು ಮೊಕದ್ದಮೆಗಳನ್ನು ಕೂತು ನೋಡಿ.